ಅರಿಶಿನಕ್ಕೆ ಸುಣ್ಣ ತಾಗಿದಂತೆ: ಒಂದು ಹಳದಿ ಕಾರಿನ ಪ್ರಕರಣ

ರಾತ್ರಿ ಹನ್ನೊಂದಕ್ಕೆ ಬಣ್ಣ ಸಿಂಪಡಿಸುವ ಏರ್‌ಬ್ರಷ್ ತೊಳೆದಿಟ್ಟು ಮಲಗಲು ಹೋದಾಗ ನನ್ನ ಪ್ಲಾಸ್ಟಿಕ್ ಮಾದರಿ ಕಾರಿನ ಬಾಡಿ ನಿಂಬೆಹಣ್ಣಿನ ಹಾಗೆ ಹಳದಿ ಇತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಬಂದು ಡಬ್ಬಿಯ ಮುಚ್ಚಳ ತೆಗೆದೆ. ಚಕ್ರದ ಕಮಾನುಗಳ ಸುತ್ತ ಕೇಸರಿ ಹಬ್ಬಿತ್ತು. ಬಾನೆಟ್ಟಿನ ತಗ್ಗುಗಳಲ್ಲೂ ಅದೇ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತಲ್ಲ, ಥೇಟ್ ಹಾಗೆ. ಚಮಚದ ಮೇಲೆ ಪರೀಕ್ಷೆ ಮಾಡಿ, ಎರಡು ದಿನ ಕಾದು, ಆಮೇಲೇ ಬಾಡಿಗೆ ಬಣ್ಣ ಹೊಡೆದಿದ್ದೆ. ಆ ಚಮಚ ಪಕ್ಕದಲ್ಲೇ ಇತ್ತು. ಅದು ಇನ್ನೂ ಹಳದಿಯಾಗಿಯೇ ಹೊಳೆಯುತ್ತಿತ್ತು.

ಇದು ಆ ಒಂದು ಬಾಡಿಯ ಕತೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮೇ ತಿಂಗಳಲ್ಲಿ ಶುರುವಾಗಿ ಸೆಪ್ಟೆಂಬರಿನಲ್ಲಿ ಮುಗಿದ ಕೆಲಸ. ಮಾದರಿಯ ಉದ್ದ ಹೆಚ್ಚುಕಡಿಮೆ ಒಂದು ಗೇಣು. ಅದರ ಬಣ್ಣ ಎರಡು ಸಲ ಕೆಟ್ಟಿತು. ಎರಡು ಸಲವೂ ಕಾರಣ ಬೇರೆ, ಮದ್ದೂ ಬೇರೆ. ಪುಟ್ಟ ಮಾದರಿ ಕಟ್ಟುವವರಿಗೆ, ಅದರಲ್ಲೂ ಮಳೆ ಜಾಸ್ತಿ ಇರುವ ಊರಿನವರಿಗೆ ಉಪಯೋಗಕ್ಕೆ ಬರಬಹುದು ಎಂದು ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಹಾವು ಮತ್ತು ಮುಂಗುಸಿ

ಮೊದಲು ಕಾರಿನ ವಿಷಯ. ಹಾಟ್ ವೀಲ್ಸ್ ಪುಟಾಣಿ ಕಾರುಗಳು ಯಾರಿಗೆ ಗೊತ್ತಿಲ್ಲ? ಮ್ಯಾಟೆಲ್ ಕಂಪನಿ ಅವನ್ನು 1968ರಲ್ಲಿ ಮಾರುಕಟ್ಟೆಗೆ ತಂದಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1970ರ ಹಂಗಾಮಿಗೆ, ಅದೇ ಹೆಸರು ಅಮೆರಿಕದ ಎರಡು ನಿಜವಾದ ಡ್ರ್ಯಾಗ್ ರೇಸ್ (ನೇರ ಪಟ್ಟಿಯ ಮೇಲೆ ಇಬ್ಬಿಬ್ಬರೇ ಓಡಿಸುವ ಪಂದ್ಯ) ಕಾರುಗಳ ಮೈಮೇಲೆ ಬಂತು. ಒಂದು ಹಳದಿ ಪ್ಲಿಮತ್ ಬಾರಾಕುಡಾ. ಅದನ್ನು ಓಡಿಸುತ್ತಿದ್ದವರು ಡಾನ್ ಪ್ರುಡೋಮ್. ಇನ್ನೊಂದು ಕೆಂಪು ಪ್ಲಿಮತ್ ಡಸ್ಟರ್. ಅದು ಟಾಮ್ ಮೆಕ್ಯುವೆನ್ ಅವರದು.

ಪ್ರುಡೋಮ್ ಅವರಿಗೆ 'ಹಾವು' ಎಂದು ಅಡ್ಡಹೆಸರು. ಹಸಿರು ದೀಪ ಹತ್ತುವುದೇ ತಡ, ಹಾವು ಹೆಡೆ ಹೊಡೆದಷ್ಟು ಬೇಗ ಕಾರು ಬಿಡುತ್ತಿದ್ದರು. ಹಾವಿಗೆ ಎದುರು ನಿಲ್ಲುವವರು ಯಾರು? ಮುಂಗುಸಿ. ಆ ಹೆಸರು ಮೆಕ್ಯುವೆನ್ ಅವರಿಗೆ ಬಂತು. ನಮ್ಮಲ್ಲಿ ಇಬ್ಬರು ಕಿತ್ತಾಡಿದರೆ ಹಾವು ಮುಂಗುಸಿ ಅನ್ನುತ್ತೇವೆ. ಕ್ಯಾಲಿಫೋರ್ನಿಯದ ರೇಸಿನಲ್ಲೂ ಅದೇ ಜೋಡಿ ಇತ್ತು ಎಂದು ಮೊದಲ ಸಲ ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಹಾವಿನ ಹಳದಿ ಕಾರನ್ನೇ ಮಾದರಿಗೆ ಆರಿಸಿಕೊಂಡಿದ್ದು ಅದಕ್ಕೇ.

ವೈರ ರೇಸ್ ಪಟ್ಟಿಯ ಮೇಲೆ ಮಾತ್ರ. ವ್ಯವಹಾರದಲ್ಲಿ ಇಬ್ಬರೂ ಪಾಲುದಾರರು. ಮೆಕ್ಯುವೆನ್ ಅವರ ತಾಯಿ ಮ್ಯಾಟೆಲ್‌ನಲ್ಲಿ ಕೆಲಸ ಮಾಡುತ್ತಿದ್ದರು. ಕಂಪನಿಯ ಬಾಗಿಲು ತೆರೆದದ್ದು ಆ ದಾರಿಯಿಂದ. ಟಯರು, ಎಣ್ಣೆ ಮಾರುವವರು ರೇಸಿಗೆ ದುಡ್ಡು ಕೊಡುವುದು ಹಳೆಯ ವಿಷಯ. ಆಟಿಕೆ ಕಂಪನಿ ಈ ಮಟ್ಟಕ್ಕೆ ಕೈಹಾಕಿದ್ದು ಆಗ ಹೊಸದು.

ಈ ಜಾತಿಯ ಕಾರಿಗೆ 'ಫನಿ ಕಾರ್' ಎನ್ನುತ್ತಾರೆ. 1960ರ ದಶಕದ ನಡುವೆ, ಹಿಂಚಕ್ರದ ಮೇಲೆ ಭಾರ ಬೀಳಲಿ ಎಂದು ಚಕ್ರಗಳನ್ನೇ ಮುಂದಕ್ಕೆ ಸರಿಸಿ ಕೂರಿಸುತ್ತಿದ್ದರು. ನೋಡಲು ವಿಚಿತ್ರವಾಗಿತ್ತು. ಹೆಸರು ಅಲ್ಲಿಂದ ಬಂತು. 1966ರಲ್ಲಿ ಮರ್ಕ್ಯುರಿ ಕಾಮೆಟ್ ಕಾರುಗಳು ಇಡೀ ಬಾಡಿಯನ್ನು ಒಂದೇ ಫೈಬರ್ ಗ್ಲಾಸ್ ಚಿಪ್ಪಾಗಿ ಮಾಡಿಕೊಂಡು ಬಂದವು. ಹಿಂದುಗಡೆ ಕೀಲು. ಮುಂದಿನಿಂದ ಎತ್ತಿದರೆ ಪೆಟ್ಟಿಗೆಯ ಮುಚ್ಚಳದ ಹಾಗೆ ಇಡೀ ಕಾರು ಮೇಲೇಳುತ್ತದೆ. ಒಳಗಿರುವುದು ಕೊಳವೆಯ ಚೌಕಟ್ಟು, ಎಂಜಿನ್, ಅದರ ಹಿಂದೆ ಕೂತ ಚಾಲಕ, ಅಷ್ಟೇ.

ಓಟ ಕಾಲು ಮೈಲಿ, ಅಂದರೆ 402 ಮೀಟರ್. 1970ರಲ್ಲಿ ಇಂಥ ಕಾರು ಅದನ್ನು ಸುಮಾರು 7 ಸೆಕೆಂಡಿನಲ್ಲಿ ಮುಗಿಸುತ್ತಿತ್ತು. ಕೊನೆಯಲ್ಲಿ ವೇಗ ಗಂಟೆಗೆ 200 ಮೈಲಿಯ ಆಸುಪಾಸು. ನನ್ನ ಮಾದರಿಯ ಅಳತೆ 25ಕ್ಕೆ 1. ಆ ಲೆಕ್ಕದಲ್ಲಿ ಇಡೀ ರೇಸ್ ಪಟ್ಟಿ 16 ಮೀಟರ್ ಆಗುತ್ತದೆ. ನಮ್ಮ ಮನೆಯ ಜಗಲಿಯಿಂದ ಗೇಟಿಗೆ ಅಷ್ಟೇ ದೂರ.

ಕಿಟ್ ಹೇಗಿತ್ತು

ಸಿಕ್ಕಿದ್ದು ಹಳೆಯ ಕಿಟ್, ಅಂದರೆ ಜೋಡಿಸಿ ಮಾದರಿ ಕಟ್ಟುವ ಬಿಡಿಭಾಗಗಳ ಪೆಟ್ಟಿಗೆ. ರಟ್ಟಿನ ಪೆಟ್ಟಿಗೆ ಜಜ್ಜಿಹೋಗಿತ್ತು. ಬಾಡಿ ಸರಿಯಾದ ಬಾರಾಕುಡಾದ್ದೇ, ಆದರೆ ಕೆಂಪು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ್ದು. ಹಾವಿನ ಕಾರಿನ ಡೆಕಾಲ್ ಹಾಳೆಯನ್ನು, ಅಂದರೆ ಬಾಡಿಗೆ ಅಂಟಿಸುವ ಬರಹ, ಲಾಂಛನಗಳ ಹಾಳೆಯನ್ನು, ಬೇರೆ ಕಡೆಯಿಂದ ತರಿಸಿದೆ. ಒಂದೇ ಹಾಳೆ. ಈ ಮಾತು ಮುಂದೆ ಮುಖ್ಯವಾಗುತ್ತದೆ.

ಮುಂದಿನ ಗಾಜಿನ ಮೇಲೆ ಟಯರಿನ ಗುರುತು ಅಚ್ಚೊತ್ತಿತ್ತು. ಹಳೆಯ ಕಿಟ್‌ಗಳಲ್ಲಿ ಇದು ಸಾಮಾನ್ಯ. ಮೆತ್ತನೆಯ ವಿನೈಲ್ ಟಯರಿನಲ್ಲಿ ಅದನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಇರುತ್ತದೆ. ವರ್ಷಗಟ್ಟಲೆ ತಾಗಿಕೊಂಡಿದ್ದರೆ ಅದು ಹೊರಗೆ ಬಂದು ಪಕ್ಕದ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಸಿಹಿತಿಂಡಿ ಡಬ್ಬಿಯ ಪಾರದರ್ಶಕ ಮುಚ್ಚಳ ಕತ್ತರಿಸಿ ಹೊಸ ಗಾಜು ಮಾಡಿಕೊಂಡೆ. ಹಳೆ ಕಿಟ್ ಇಟ್ಟುಕೊಂಡವರು ಟಯರುಗಳನ್ನು ಇವತ್ತೇ ಬೇರೆ ಪೊಟ್ಟಣಕ್ಕೆ ಹಾಕಿಬಿಡಿ.

ಎಂಜಿನ್ ಮೊದಲು

ಬಣ್ಣಕ್ಕೆ ಬರುವ ಮೊದಲು ಎಂಜಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಫನಿ ಕಾರಿನಲ್ಲಿ ಬಾಡಿ ಅನ್ನುವುದು ಮುಚ್ಚಳ. ಮುಚ್ಚಳ ಎತ್ತಿದ ಕೂಡಲೇ ಕಣ್ಣು ಹೋಗುವುದು ಎಂಜಿನ್ನಿಗೆ. ಅಲ್ಲಿ ಖಾಲಿ ಕಂಡರೆ ಹೊರಗಿನ ಬಣ್ಣ ಎಷ್ಟು ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ಎಂಜಿನ್ ಕ್ರೈಸ್ಲರ್ ಹೆಮಿ. ಎಂಟು ಸಿಲಿಂಡರ್, 426 ಘನ ಅಂಗುಲ, ಅಂದರೆ ಸುಮಾರು 7 ಲೀಟರ್. ಅದರ ತಲೆಯ ಮೇಲೆ ಗಾಳಿ ಒತ್ತುವ ಬ್ಲೋವರ್. ಇದು ರೇಸಿಗೆಂದು ಹುಟ್ಟಿದ್ದಲ್ಲ. ಜನರಲ್ ಮೋಟಾರ್ಸ್‌ನ 6-71 ಎಂಬ ಎರಡು ಸ್ಟ್ರೋಕ್ ಡೀಸೆಲ್ ಎಂಜಿನ್ನಿನ ಭಾಗ. ಬಸ್ಸು, ಲಾರಿ, ದೋಣಿಗಳಲ್ಲಿ ದುಡಿದದ್ದು. 6 ಸಿಲಿಂಡರ್, ಒಂದೊಂದೂ 71 ಘನ ಅಂಗುಲ. ಗುಣಿಸಿ ನೋಡಿ, ಬರುವುದು 426. ಹೆಮಿಯ ಅಳತೆಯೂ ಅದೇ! ಇದು ಬರೀ ಕಾಕತಾಳೀಯ. ಆದರೂ ಬ್ಲೋವರನ್ನು ಎಂಜಿನ್ ಮೇಲೆ ಅಂಟಿಸುವಾಗ ಈ ಲೆಕ್ಕ ನೆನಪಾಗಿ ಖುಷಿಯಾಯಿತು.

ಇಂಧನ ನೈಟ್ರೋಮೀಥೇನ್. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ನೈಟ್ರೋಮೀಥೇನಿಗೆ 1.7 ಕಿಲೋ ಸಾಕು, ಯಾಕೆಂದರೆ ಅದರ ಒಳಗೇ ಆಮ್ಲಜನಕ ಇದೆ. ಹಾಗಾಗಿ ಅಷ್ಟೇ ಗಾಳಿಗೆ ಹಲವು ಪಟ್ಟು ಇಂಧನ ಸುರಿಯಬಹುದು. ಹೊಗೆ ಕೊಳವೆಯ ಬಾಯಲ್ಲಿ ಬೆಂಕಿ ನಾಲಿಗೆ ಚಾಚುವುದು ಅದರಿಂದ. ಮಾದರಿಯಲ್ಲಿ ಎಂಟು ಕೊಳವೆಗಳ ಬಾಯಿಯೂ ಮುಚ್ಚಿಯೇ ಇರುತ್ತದೆ. ಕೈ ಡ್ರಿಲ್ಲಿನಲ್ಲಿ 1 ಮಿಲಿಮೀಟರ್ ತೂತು ಕೊರೆದು, ಚಾಕುವಿನ ತುದಿಯಿಂದ ಅಂಚು ತೆಳ್ಳಗೆ ಮಾಡಿದೆ. ಒಂದು ಸಂಜೆಯ ಕೆಲಸ ಅಷ್ಟೇ, ಆದರೆ ಅದಾದ ಮೇಲೆ ಪ್ಲಾಸ್ಟಿಕ್ ಕಡ್ಡಿ ಹೋಗಿ ಕೊಳವೆ ಬರುತ್ತದೆ.

ಸ್ಪಾರ್ಕ್ ಪ್ಲಗ್ ವೈರುಗಳು ಮೂರು ರಾತ್ರಿ ತಿಂದವು. ನಿಜವಾದ ವೈರಿನ ದಪ್ಪ 7ರಿಂದ 8 ಮಿಲಿಮೀಟರ್. 25ರಿಂದ ಭಾಗಿಸಿದರೆ 0.3. ನಮ್ಮ ಪೇಟೆಯ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋದೆ. ಪಂಪ್‌ಸೆಟ್ ಸುತ್ತುವ ಅಣ್ಣನ ಹತ್ತಿರ 30 ಗೇಜಿನ ತಂತಿ ಒಂದು ಮಾರು ಕೇಳಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ತಾಮ್ರವಾದ್ದರಿಂದ ಬಗ್ಗಿಸಿದ ಹಾಗೇ ನಿಲ್ಲುತ್ತದೆ. ಅದೇ ಬೇಕಾಗಿದ್ದು.

ಹೆಮಿಯಲ್ಲಿ ಪ್ಲಗ್ಗುಗಳು ಪಕ್ಕದಲ್ಲಿಲ್ಲ. ಎಂಜಿನ್ ತಲೆಯ ಎರಡು ದೊಡ್ಡ ಮುಚ್ಚಳಗಳನ್ನು ನಡುವೆ ತೂರಿ ಕೆಳಗಿಳಿಯುತ್ತವೆ, ಒಂದೊಂದರಲ್ಲಿ ನಾಲ್ಕು. ಎಂಜಿನ್ ಮುಂದೆ ನಿಂತ, ಪ್ಲಗ್ಗುಗಳಿಗೆ ವಿದ್ಯುತ್ ಕಳಿಸುವ ಮ್ಯಾಗ್ನೆಟೋದಿಂದ ಎಂಟು ವೈರು ಹೊರಡಬೇಕು. ಬೆಂಕಿ ಹತ್ತುವ ಸರದಿ 1-8-4-3-6-5-7-2. ಚಾಲಕನ ಎಡಕ್ಕೆ 1, 3, 5, 7. ಬಲಕ್ಕೆ 2, 4, 6, 8. ಮ್ಯಾಗ್ನೆಟೋ ತಲೆಯ ಅಗಲ ಒಂದು ಹೆಸರುಕಾಳಿನಷ್ಟು. ಅದರ ಸುತ್ತ ಎಂಟು ತೂತು. ತೂತಿಗೆ ತಂತಿ ಇಟ್ಟು, ಸೂಜಿ ತುದಿಯಲ್ಲಿ ಒಂದು ಚುಕ್ಕೆ ಅಂಟು ಮುಟ್ಟಿಸಿ, ಉಸಿರು ಹಿಡಿದು ಇಪ್ಪತ್ತು ಎಣಿಸಬೇಕು. ಸರದಿ ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ ನಿಜ. ಆದರೆ ಸರದಿ ಹಿಡಿದು ಎಳೆದರೆ ವೈರುಗಳು ಒಂದನ್ನೊಂದು ದಾಟುವ ರೀತಿಯೇ ಬೇರೆ. ಹಳೆಯ ಫೋಟೋದಲ್ಲಿ ಇರುವ ಸಿಕ್ಕು ತಾನಾಗಿ ಬರುತ್ತದೆ. ಅಂದಾಜಿನ ಮೇಲೆ ಎಳೆದರೆ ಬಾಚಿದ ತಲೆಯ ಹಾಗೆ ಕಾಣುತ್ತದೆ.

ಮೊದಲ ಕೇಡು

ಈಗ ಹಳದಿಗೆ ಬರೋಣ. ಹಳದಿ ಬಣ್ಣದ ಸ್ವಭಾವವೇ ಮುಚ್ಚದಿರುವುದು. ಅರಿಶಿನದ ನೀರು ಗೋಡೆಗೆ ಬಳಿದರೆ ಗೋಡೆ ಕಾಣುತ್ತದಲ್ಲ, ಹಾಗೆ. 1970ರ ಸುಮಾರಿಗೆ ಕಾರಿನ ಹಳದಿಯಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು, ಅದು ಚೆನ್ನಾಗಿ ಮುಚ್ಚುತ್ತಿತ್ತು. ಸೀಸ ವಿಷ. ಹಾಗಾಗಿ ಈಗಿನ ಬಣ್ಣಗಳಲ್ಲಿ ಅದನ್ನು ಬಿಟ್ಟು ಬೇರೆ ಹಳದಿಗಳನ್ನು ಹಾಕುತ್ತಾರೆ. ಇವು ತೆಳು. ಬೂದು ಪ್ರೈಮರಿನ ಮೇಲೆ ಹೊಡೆದರೆ ಹಸಿರು ಮಿಶ್ರವಾಗಿ ಕಾಣುತ್ತವೆ. ಬಿಳಿಯ ಮೇಲೆ ಹೊಡೆದರೆ ಹೊಳೆಯುತ್ತವೆ. ತಿಳಿ ಗುಲಾಬಿಯ ಮೇಲೆ ಹೊಡೆದರೆ ಬೆಚ್ಚಗೆ, ಮೊಟ್ಟೆಯ ಭಂಡಾರದ ಬಣ್ಣಕ್ಕೆ ಬರುತ್ತವೆ.

ನಾನು ಮಾಡಿದ್ದು ಇಷ್ಟು. ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದೆ, ಅಚ್ಚಿನ ಎಣ್ಣೆ ಹೋಗಲಿ ಎಂದು. ಅಚ್ಚಿನ ಗೆರೆಗಳನ್ನು 600 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜಿದೆ. ಬಾಗಿಲಿನ ಗೆರೆಗಳನ್ನು ಸೂಜಿಯಿಂದ ಸ್ವಲ್ಪ ಆಳ ಮಾಡಿದೆ. ಬೂದು ಪ್ರೈಮರ್, ಅದರ ಮೇಲೆ ಬಿಳಿ, ಅದರ ಮೇಲೆ ಲ್ಯಾಕರ್ (ತಿನ್ನರ್ ಆರಿದರೆ ಒಣಗುವ ಬಣ್ಣ) ಹಳದಿ ನಾಲ್ಕು ತೆಳು ಕೋಟ್.

ಬಿಳಿ ಹೊಡೆದ ಮಾರನೆ ದಿನ ಅದು ಕೊಂಚ ಗುಲಾಬಿಯಾಗಿ ಕಂಡಿತ್ತು. ನೋಡಿದ್ದೆ. ಹಳದಿಯ ಕೆಳಗೆ ಗುಲಾಬಿ ಇದ್ದರೆ ಒಳ್ಳೆಯದೇ ಎಂದು ಓದಿದ್ದೆನಲ್ಲ, ಅದೃಷ್ಟ ಅಂದುಕೊಂಡು ಮುಂದೆ ಹೋದೆ. ಈ ಪ್ರಕರಣದಲ್ಲಿ ತಪ್ಪಿದ್ದು ಅಲ್ಲೇ. ಆ ಗುಲಾಬಿಯನ್ನು ನಾನು ಹೊಡೆದಿರಲಿಲ್ಲ. ಹೊಡೆಯದ ಬಣ್ಣ ಬಂದಿದ್ದಾದರೂ ಎಲ್ಲಿಂದ ಎಂದು ಆಗಲೇ ಕೇಳಿಕೊಳ್ಳಬೇಕಿತ್ತು.

ಕೇಸರಿ ಕಂಡ ಬೆಳಿಗ್ಗೆ ಎರಡನೆಯ ತಪ್ಪು ಮಾಡಿದೆ. ಹಳದಿ ತೆಳುವಾಗಿದೆ, ಇನ್ನೊಂದು ಕೋಟ್ ಬೇಕು ಅಂದುಕೊಂಡೆ. ಚೆನ್ನಾಗಿ ಒದ್ದೆಯಾಗುವ ಹಾಗೆ ಹೊಡೆದೆ. ಸಂಜೆಗೆ ಕೇಸರಿ ಎರಡರಷ್ಟಾಯಿತು. ಬಾಗಿಲಿನ ಮೇಲೂ ಮೋಡದ ಹಾಗೆ ಬಂತು.

ಬಾಡಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡ್ ಹಿಂದಿನ ಗ್ಯಾರೇಜಿಗೆ ಹೋದೆ. ಅಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ಅವರು ಪೇಂಟರಣ್ಣ. ಅವರು ಮೇಲಿನ ಹಳದಿಯನ್ನು ನೋಡಲೇ ಇಲ್ಲ. ಬಾಡಿಯನ್ನು ಬೋರಲು ಹಾಕಿ ಒಳಗೆ ನೋಡಿದರು.

"ಒಳಗೆ ಕೆಂಪು ಉಂಟಲ್ಲ ತಮ್ಮಾ. ಕೆಂಪು ಸುಮ್ನೆ ಕೂರೂದಿಲ್ಲ. ಮೇಲೆ ಬರ್ತದೆ."

"ಪ್ರೈಮರ್ ಹೊಡೆದಿದ್ದೀನಲ್ಲ ಅಣ್ಣಾ?"

"ಪ್ರೈಮರ್ ಅದನ್ನ ತಡೀತದಾ? ಮೊದಲೆಲ್ಲ ಕೆಂಪು ಜೀಪಿಗೆ ಬಿಳಿ ಹೊಡಿ ಅಂತ ಬರ್ತಿದ್ರು. ಹಾಗೇ ಹೊಡೆದ್ರೆ ಒಂದು ವಾರಕ್ಕೆ ಗುಲಾಬಿ. ನಾವು ಮಧ್ಯ ಒಂದು ಸಿಲ್ವರ್ ಕೋಟ್ ಕೊಡ್ತಿದ್ವಿ. ಮತ್ತೆ ಬರ್ತಿರ್ಲಿಲ್ಲ."

ಮನೆಗೆ ಬಂದು ಕೂತು ಯೋಚಿಸಿದಾಗ ಎಲ್ಲವೂ ಹೊಂದಿತು. ಪ್ಲಾಸ್ಟಿಕ್ಕಿಗೆ ಹಾಕಿದ ಕೆಂಪು ಬಣ್ಣ ಲ್ಯಾಕರಿನ ತಿನ್ನರಿನಲ್ಲಿ ಕರಗುತ್ತದೆ. ತಿನ್ನರ್ ಆರುತ್ತಾ ಮೇಲೆ ಹೋಗುವಾಗ ಕೆಂಪನ್ನೂ ಕರೆದುಕೊಂಡು ಹೋಗುತ್ತದೆ. ತಿನ್ನರ್ ಗಾಳಿಗೆ ಹಾರುತ್ತದೆ, ಕೆಂಪು ಮೇಲೇ ಉಳಿಯುತ್ತದೆ. ಇನ್ನೊಂದು ಕೋಟ್ ಹೊಡೆದರೆ ಕೆಳಗಿನದು ಮತ್ತೆ ಒದ್ದೆ, ಮತ್ತಷ್ಟು ಕೆಂಪು. ಕೇಸರಿ ಎಲ್ಲೆಲ್ಲಿ ಜಾಸ್ತಿ ಇತ್ತು? ಕಮಾನಿನ ಅಂಚು, ಬಾನೆಟ್ಟಿನ ತಗ್ಗು. ಬಣ್ಣ ನಿಂತು ತಡವಾಗಿ ಒಣಗಿದ ಜಾಗಗಳು ಅವೇ. ಚಪ್ಪಟೆ ಚಾವಣಿಯ ಮೇಲೆ ಬಣ್ಣ ಬೇಗ ಒಣಗಿತ್ತು, ಅಲ್ಲಿ ಹಳದಿ ಹಾಗೇ ಇತ್ತು.

ಚಮಚ ಯಾಕೆ ಕೆಡಲಿಲ್ಲ? ಚಮಚ ಬಿಳಿ ಪ್ಲಾಸ್ಟಿಕ್ಕಿನದು. ಅದರೊಳಗೆ ಕೆಂಪೇ ಇರಲಿಲ್ಲ. ನಾನು ಪರೀಕ್ಷೆ ಮಾಡಿದ್ದು ಬಣ್ಣವನ್ನು. ಮಾಡಬೇಕಾಗಿದ್ದುದು ಬಣ್ಣ ಮತ್ತು ಆ ಪ್ಲಾಸ್ಟಿಕ್ ಎರಡನ್ನೂ ಕೂಡಿಸಿ.

ಕಳಚಿದ್ದು, ಮತ್ತೆ ಕಟ್ಟಿದ್ದು

ಬಣ್ಣ ತೆಗೆಯಲು ಗ್ಯಾರೇಜಿನ ತಿನ್ನರ್ ಹಾಕಬಾರದು, ಪ್ಲಾಸ್ಟಿಕ್ಕೇ ಕರಗುತ್ತದೆ. ಬ್ರೇಕ್ ಆಯಿಲ್ ಬಳಸಿದೆ, ಡಾಟ್ 3. ಬೈಕಿನ ಟ್ಯಾಂಕಿನ ಮೇಲೆ ಒಂದು ಹನಿ ಬಿದ್ದರೂ ಬಣ್ಣ ಏಳುತ್ತದೆ ಎಂದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ಮುಚ್ಚಳವಿರುವ ಡಬ್ಬಿಯಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆ. ಬೆಳಿಗ್ಗೆ ಕೈಗವಸು ಹಾಕಿ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿದರೆ ಹಳದಿ, ಬಿಳಿ, ಬೂದು ಒಟ್ಟಿಗೇ ಸಿಪ್ಪೆಯಾಗಿ ಬಂತು. ಮೂಲೆಗಳಿಗೆ ಎರಡನೇ ರಾತ್ರಿ ಬೇಕಾಯಿತು. ಉಳಿದ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ನಾನು ಬಾಟಲಿಗೆ ತುಂಬಿ, ಮೇಲೆ ಹೆಸರು ಬರೆದು, ಗ್ಯಾರೇಜಿನ ಹಳೆ ಎಣ್ಣೆಯ ಜೊತೆ ಹೋಗಲಿ ಎಂದು ಕೊಟ್ಟೆ.

ಈ ಸಲ ಚಮಚ ಮುಟ್ಟಲಿಲ್ಲ. ಕಿಟ್‌ನ ಭಾಗಗಳನ್ನು ಹಿಡಿದಿರುವ ಕೆಂಪು ಫ್ರೇಮಿನಿಂದ ನಾಲ್ಕು ತುಂಡು ಕತ್ತರಿಸಿದೆ. ಅದೂ ಬಾಡಿಯದೇ ಪ್ಲಾಸ್ಟಿಕ್. ಒಂದಕ್ಕೆ ಬಿಳಿ, ಹಳದಿ. ಎರಡನೆಯದಕ್ಕೆ ಬೂದು, ಬಿಳಿ, ಹಳದಿ. ಮೂರನೆಯದಕ್ಕೆ ಸಿಲ್ವರ್, ಬಿಳಿ, ಹಳದಿ. ನಾಲ್ಕನೆಯದಕ್ಕೆ ನೀರಿನ ಅಕ್ರಿಲಿಕ್ ವಾರ್ನಿಶ್, ಬಿಳಿ, ಹಳದಿ. ಎಲ್ಲವನ್ನೂ ಬೇಕೆಂದೇ ಒದ್ದೆಯಾಗಿ ಹೊಡೆದೆ. ಮೊದಲನೆಯದು ರಾತ್ರಿಗೇ ಕೇಸರಿ. ಎರಡನೆಯದು ಮಾರನೆ ದಿನ. ನಾಲ್ಕನೆಯದರಲ್ಲಿ ಕೆಂಪು ಬರಲಿಲ್ಲ, ಆದರೆ ಲ್ಯಾಕರಿನ ತಿನ್ನರಿಗೆ ವಾರ್ನಿಶ್ ಸುಕ್ಕು ಬಿತ್ತು. ಸಿಲ್ವರ್ ಮಾತ್ರ ಐದು ದಿನವಾದರೂ ಅಲುಗಲಿಲ್ಲ. ಸಿಲ್ವರ್ ಬಣ್ಣದಲ್ಲಿರುವ ಅಲ್ಯೂಮಿನಿಯಂ ಚೂರುಗಳು ಹಂಚಿನ ಹಾಗೆ ಒಂದರ ಮೇಲೊಂದು ಮಲಗುತ್ತವೆ. ಕೆಂಪಿಗೆ ಮೇಲೆ ಬರಲು ದಾರಿ ಸಿಗುವುದಿಲ್ಲ. ಪೇಂಟರಣ್ಣ ಹೇಳಿದ್ದು ಅಕ್ಷರಕ್ಷರ ಸರಿ.

ಇಲ್ಲಿ ಒಂದು ಆತಂಕ ಇತ್ತು. ಪದರ ಹೆಚ್ಚಿದಷ್ಟೂ ದಪ್ಪ. ನಿಜವಾದ ಕಾರಿನ ಬಣ್ಣ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ನನ್ನ ಮಾದರಿಯ ಮೇಲೆ 50 ಮೈಕ್ರಾನ್ ಬಣ್ಣ ಕೂತರೆ, ಅಳತೆಯ ಲೆಕ್ಕದಲ್ಲಿ ಅದು ದೊಡ್ಡ ಕಾರಿನ ಮೇಲೆ 1.25 ಮಿಲಿಮೀಟರ್ ಆಯಿತು. ಪುಟ್ಟಿ ಮೆತ್ತಿದ ಗೋಡೆಯ ಹಾಗೆ. ಬಾಗಿಲಿನ ಗೆರೆಗಳು ತುಂಬಿಹೋಗುತ್ತವೆ. ಅದಕ್ಕೇ ಬೂದು ಪ್ರೈಮರ್ ಬಿಟ್ಟೆ. ಸಿಲ್ವರನ್ನು 15 ಪಿಎಸ್‌ಐ ಗಾಳಿಯಲ್ಲಿ ಬೂದಿ ಉದುರಿಸಿದಷ್ಟು ತೆಳುವಾಗಿ ಮೂರು ಸಲ ಕೊಟ್ಟೆ. ಪ್ರತಿ ಸಲ ಒಂದು ಗಂಟೆ ಕಾದೆ. ಬಿಳಿ ಎರಡು, ಹಳದಿ ಐದು. ಒಂದೊಂದೂ ಕೆಳಗಿನದು ಕಾಣುವಷ್ಟು ತೆಳು. ಬಿಳಿ ಈ ಸಲ ಬಿಳಿಯಾಗಿಯೇ ಉಳಿಯಿತು. ಮೂರು ದಿನ ಬೆಳಿಗ್ಗೆ ಎದ್ದು ಅದನ್ನೇ ನೋಡಿದೆ.

ಮಳೆ ಬಂತು

ಜೂನ್ ಕೊನೆಗೆ ಹಳದಿ ಗಟ್ಟಿಯಾಗಿತ್ತು. ಡೆಕಾಲ್ ಹಚ್ಚಿದೆ. ಹಾಟ್ ವೀಲ್ಸ್ ಲಾಂಛನ, ಬಾಗಿಲಿನ ಬರಹಗಳು. ನಯವಾದ ಮೇಲ್ಮೈ ಇದ್ದರೆ ಡೆಕಾಲ್ ಕೆಳಗೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ, ಬೆಳ್ಳಿಯ ಹಾಗೆ ಮಿನುಗುವುದೂ ಇಲ್ಲ. ಉಬ್ಬಿದ ಕಮಾನಿನ ಮೇಲೆ ಮೆದು ಮಾಡುವ ದ್ರಾವಣ ಹಚ್ಚಿ, ಒದ್ದೆ ಹತ್ತಿಯಲ್ಲಿ ಒತ್ತಿದೆ. ಇದರಲ್ಲಿ ತೊಂದರೆಯಾಗಲಿಲ್ಲ.

ಜುಲೈ ಎರಡನೇ ವಾರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಲ್ಯಾಕರ್ ಹೊಡೆದೆ. ಹೊರಗೆ ಧೋ ಎಂದು ಸುರಿಯುತ್ತಿತ್ತು. ಹೊಡೆದು ಐದು ನಿಮಿಷ ಆಗಿರಲಿಲ್ಲ, ಬಾಡಿಯ ಮೇಲೆ ಬಿಳಿ ಮಂಜು ಕವಿಯಿತು. ಹಳದಿ ಹಾಲು ಬೆರೆಸಿದ ಹಾಗಾಯಿತು. ಲಾಂಛನದ ಮೇಲೂ ಅದೇ ಪೊರೆ.

ಎದೆ ಧಸಕ್ಕೆಂದಿತು. ಈ ಸಲ ಬ್ರೇಕ್ ಆಯಿಲ್ಲಿಗೆ ಹಾಕುವ ಹಾಗಿಲ್ಲ. ಡೆಕಾಲ್ ಹಾಳೆ ಒಂದೇ ಇತ್ತು.

ಆದರೆ ಮೊದಲ ಸಲದ ಪಾಠ ಇತ್ತಲ್ಲ, ಕೈ ಹಾಕುವ ಮೊದಲು ನೋಡಿದೆ. ಆ ಕೇಡು ನಿಧಾನವಾಗಿ, ರಾತ್ರಿಯಿಡೀ ಬಂದಿತ್ತು. ಇದು ನಿಮಿಷಗಳಲ್ಲಿ ಬಂತು. ಅದು ಕೆಲವು ಜಾಗದಲ್ಲಿ ಮಾತ್ರ. ಇದು ಎಲ್ಲ ಕಡೆ ಒಂದೇ ಸಮ. ಅದು ಕೆಳಗಿನಿಂದ ಬಂದದ್ದು. ಇದು ಡೆಕಾಲಿನ ಮೇಲೂ ಇದೆ, ಅಂದರೆ ಮೇಲಿನಿಂದ ಬಂದದ್ದು. ಗಾಳಿಯ ತೇವ.

ಬೆವರು ಆರುವಾಗ ಮೈ ತಣ್ಣಗಾಗುತ್ತದೆ. ತಿನ್ನರ್ ಆರುವಾಗಲೂ ಬಾಡಿಯ ಮೈ ಹಾಗೇ ತಣ್ಣಗಾಗುತ್ತದೆ, ಇನ್ನೂ ಜೋರಾಗಿ. ಮಲೆನಾಡಿನ ಜುಲೈ ಗಾಳಿಯಲ್ಲಿ ತೇವ ತುಂಬಿ ತುಳುಕುತ್ತಿರುತ್ತದೆ. ತಣ್ಣನೆಯ ಮೈ ಸಿಕ್ಕ ಕೂಡಲೇ ಅಲ್ಲಿ ಕೂರುತ್ತದೆ, ತಂಪು ನೀರಿನ ಲೋಟದ ಹೊರಗೆ ಹನಿ ಕಟ್ಟುವ ಹಾಗೆ. ಆ ಸಣ್ಣ ಸಣ್ಣ ನೀರಿನ ಕಣಗಳು ಇನ್ನೂ ಹಸಿ ಇರುವ ಲ್ಯಾಕರಿನಲ್ಲಿ ಸಿಕ್ಕಿಕೊಂಡು ಬೆಳಕನ್ನು ಚದುರಿಸುತ್ತವೆ. ಅದಕ್ಕೇ ಬಿಳಿ. ಏರ್‌ಬ್ರಷ್‌ಗೆ ಗಾಳಿ ಕೊಡುವ ಕಂಪ್ರೆಸರಿನ ಟ್ಯಾಂಕ್ ಕೆಳಗಿನ ತಿರುಪು ಬಿಚ್ಚಿದರೆ ಅರ್ಧ ಲೋಟ ನೀರು ಬಂತು. ಅದೂ ಪೈಪಿನಲ್ಲಿ ಹೋಗುತ್ತಿತ್ತು.

ಮದ್ದು ಎರಡು ಭಾಗ. ಒಂದು, ಬಾಡಿಯನ್ನು ಬೆಚ್ಚಗಿಡುವುದು. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಕಾಲದ 40 ವ್ಯಾಟ್ ಬಲ್ಬ್ ಕಟ್ಟಿದೆ. ಮೇಲೆ ಗಾಳಿ ಹೋಗಲು ನಾಲ್ಕು ತೂತು. ಬಲ್ಬ್ ರಟ್ಟಿಗೆ ತಾಗದ ಹಾಗೆ, ಬಾಡಿಯಿಂದ ಒಂದು ಅಡಿ ದೂರ. ಒಳಗೆ ಉಷ್ಣಮಾಪಕ ಇಟ್ಟು 40 ಡಿಗ್ರಿ ದಾಟದ ಹಾಗೆ ನೋಡಿಕೊಂಡೆ. ಈ ಪ್ಲಾಸ್ಟಿಕ್ ಜಾಸ್ತಿ ಬಿಸಿಯಾದರೆ ಸೊಟ್ಟಗಾಗುತ್ತದೆ. ಅಡಿಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡು ಎಂದು ಅಮ್ಮ ಹೇಳಿದರು. ಬೆಚ್ಚಗೇನೋ ಇರುತ್ತದೆ, ಆದರೆ ಹೊಗೆಯ ಮಸಿ ಇದೆಯಲ್ಲ ಎಂದು ಬಿಟ್ಟೆ.

ಎರಡು, ನಿಧಾನಕ್ಕೆ ಆರುವ ತಿನ್ನರ್. ಮಾದರಿಗಳಿಗೆಂದೇ ಬರುವ ರಿಟಾರ್ಡರ್ ಬೆರೆಸಿ, ಬಣ್ಣವಿಲ್ಲದೆ ಅದನ್ನಷ್ಟೇ ಒಂದು ಸಲ ಮಂಜಿನ ಹಾಗೆ ಹಾಯಿಸಿದೆ. ಬಾಡಿ ಪೆಟ್ಟಿಗೆಯಿಂದ ಆಗಷ್ಟೇ ಹೊರಬಂದಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಮೇಲಿನ ಪದರ ಮತ್ತೆ ಮೆದುವಾಯಿತು. ಸಿಕ್ಕಿಕೊಂಡಿದ್ದ ತೇವ ಹೊರಗೆ ಹೋಯಿತು. ಬಿಳಿ ಪೊರೆ ಬಾನೆಟ್ಟಿನ ಒಂದು ಕಡೆಯಿಂದ ಸರಿಯತೊಡಗಿತು. ಬೆಳಗಿನ ಮಂಜು ಕರಗಿ ಗುಡ್ಡ ಕಾಣುವ ಹಾಗೆ ಒಳಗಿನ ಹಳದಿ ಕಂಡಿತು. ಕೈಯಲ್ಲಿ ಏರ್‌ಬ್ರಷ್ ಹಿಡಿದು ಸುಮ್ಮನೆ ನಿಂತು ನೋಡಿದೆ.

ಆಮೇಲಿನ ಕ್ಲಿಯರ್ ಕೋಟ್‌ಗಳನ್ನು ಆತುರಪಡದೆ ಹೊಡೆದೆ. ಮಳೆ ಬಿಟ್ಟು ಬಿಸಿಲು ಬಂದ ಮಧ್ಯಾಹ್ನಗಳಿಗೆ ಕಾದೆ. ಜುಲೈಯಲ್ಲಿ ಎರಡು, ಆಗಸ್ಟಿನಲ್ಲಿ ಎರಡು ಸಿಕ್ಕವು.

ಹೊಳಪು ಎಷ್ಟಿರಬೇಕು

ಎರಡು ವಾರ ಒಣಗಿದ ಮೇಲೆ 3000 ನಂಬರಿನ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಪಾಲಿಶ್ ಕಾಂಪೌಂಡ್ ಹಚ್ಚಿ ಹೊಳಪು ತಂದೆ. ಎಡಗಡೆ ಹಿಂದಿನ ಕಮಾನಿನ ಅಂಚಿನಲ್ಲಿ ಬಣ್ಣ ಸವೆದು ಅಕ್ಕಿಕಾಳಿನ ಅರ್ಧದಷ್ಟು ಬೆಳ್ಳಿ ಕಂಡಿತು. ಅಂಚುಗಳಲ್ಲಿ ಬಣ್ಣ ಯಾವಾಗಲೂ ತೆಳು, ಅಲ್ಲಿ ಟೇಪ್ ಹಚ್ಚಿಕೊಂಡು ಉಜ್ಜಬೇಕಿತ್ತು. ಕುಂಚದಲ್ಲಿ ಬಿಳಿ, ಹಳದಿ ಮುಟ್ಟಿಸಿ ಮುಚ್ಚಿದೆ. ಬೆಳಕಿಗೆ ಓರೆ ಹಿಡಿದರೆ ಗೊತ್ತಾಗುತ್ತದೆ.

ರೇಸ್ ಕಾರಿನ ಮಾದರಿಗಳನ್ನು ಕನ್ನಡಿಯ ಹಾಗೆ ಹೊಳೆಸುವುದು ನನಗೆ ಒಪ್ಪುವುದಿಲ್ಲ. ಇದು ದುಡಿಯುವ ಕಾರು. ಓಟಕ್ಕೆ ಮೊದಲು ಹಿಂಚಕ್ರಗಳನ್ನು ನಿಂತಲ್ಲೇ ತಿರುಗಿಸಿ ಹೊಗೆ ಎಬ್ಬಿಸುತ್ತಾರೆ. ರಬ್ಬರು ಬಿಸಿಯಾಗಿ ನೆಲ ಹಿಡಿಯಲಿ ಎಂದು. ಆ ರಬ್ಬರಿನ ಚೂರು ಹಿಂದಿನ ಬಾಡಿಗೆ ಸಿಡಿಯುತ್ತದೆ. ಆದರೆ ಈ ಕಾರಿನ ಹಳದಿ ಪ್ರಾಯೋಜಕರು ದುಡ್ಡು ಕೊಟ್ಟ ಹಳದಿ, ಅದನ್ನು ಒರೆಸಿ ಶುಭ್ರವಾಗಿ ಇಟ್ಟಿರುತ್ತಾರೆ. ನಾನು ನಡುವಿನ ದಾರಿ ಹಿಡಿದೆ. ಹೊರಮೈ ಶುಭ್ರ. ಬಾಡಿ ಎತ್ತಿದರೆ ಹಿಂಚಕ್ರದ ಒಳಕಮಾನಿನಲ್ಲಿ ತೆಳುವಾದ ಕಪ್ಪು. ಟಯರುಗಳ ಮೇಲ್ಮೈಯನ್ನು ವಾಟರ್ ಪೇಪರಿನಲ್ಲಿ ಉಜ್ಜಿ ಹೊಳಪು ತೆಗೆದೆ, ಆಗಷ್ಟೇ ಓಡಿ ಬಂದ ಹಾಗೆ. ಬಾಡಿಯ ಒಳಮೈಗೆ ಮಂದ ಬೂದು.

ಸೆಪ್ಟೆಂಬರಿನಲ್ಲಿ ಕಾರು ಗಾಜಿನ ಕಪಾಟಿಗೆ ಹೋಯಿತು. ಅದಾಗಿ ಏಳು ತಿಂಗಳು. ಪ್ರತಿ ಭಾನುವಾರ ಕಮಾನುಗಳ ಅಂಚನ್ನು ಟಾರ್ಚ್ ಹಾಕಿ ನೋಡುತ್ತೇನೆ. ಹಳದಿ ಹಳದಿಯಾಗಿಯೇ ಇದೆ. ಪೇಂಟರಣ್ಣ ಒಂದು ಸಂಜೆ ಮನೆಗೆ ಬಂದು ನೋಡಿದರು. ಬಾಡಿಯನ್ನು ತಾವೇ ಎತ್ತಿ, ಮೊದಲು ಒಳಗೆ ನೋಡಿ, ಆಮೇಲೆ ಹೊರಗೆ ನೋಡಿದರು. ವೈರುಗಳನ್ನು ಬೆರಳು ತಾಗಿಸದೆ ಎಣಿಸಿದರು.

"ಇನ್ನೊಂದು ಕಾರು ಉಂಟು ಅಂದಿದ್ಯಲ್ಲ, ಮುಂಗುಸಿದು. ಅದ್ಯಾವ ಬಣ್ಣ?"

"ಕೆಂಪು, ಅಣ್ಣಾ."

"ಪ್ಲಾಸ್ಟಿಕ್?"

ಆ ಕಿಟ್ ಬಂದಿದೆ. ಪ್ಲಾಸ್ಟಿಕ್ ಬಿಳಿ. ಆದರೂ ಫ್ರೇಮಿನಿಂದ ನಾಲ್ಕು ತುಂಡು ಕತ್ತರಿಸಿ ಇಟ್ಟುಕೊಂಡಿದ್ದೇನೆ.